ಹೆಣ್ಣುಕುದುರೆ ಸಿಟ್ಟು ಮಾಡಿದರೆ ಅದು ಬೆದೆಯೇ ಆಗಿರಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ವಿಜಯಪುರದ ಹತ್ತಿರ ಒಂದು ಹಳ್ಳಿ. ಎರಡು ವರ್ಷದ ಹಿಂದೆ ಸಾರಂಗಖೇಡ ಜಾತ್ರೆಯಿಂದ ಒಂದು ಮಾರ್ವಾಡಿ ಹೆಣ್ಣುಕುದುರೆ ತಂದೆವು. ಹೆಸರು ಚಾಂದನಿ, ಈಗ ಏಳು ವರ್ಷ. ತಂದಾಗ ಬಹಳ ಸಾಧು ಇತ್ತು. ಈಚೆಗೆ ಆಗಾಗ ತಲೆ ಕೆಟ್ಟ ಹಾಗೆ ಆಡುತ್ತದೆ. ಜೀನಿನ ಹೊಟ್ಟೆಪಟ್ಟಿ ಬಿಗಿಯಲು ಹೋದರೆ ಕಿವಿ ಹಿಂದಕ್ಕೆ ಮಾಡಿ ಕಚ್ಚಲು ಬರುತ್ತದೆ, ಬಾಲ ಬೀಸುತ್ತದೆ, ಹಿಂಗಾಲು ಎತ್ತುತ್ತದೆ, ಸ್ವಲ್ಪ ಸ್ವಲ್ಪವೇ ಉಚ್ಚೆ ಹೊಯ್ಯುತ್ತದೆ. ಪಕ್ಕದ ತೋಟದ ಗಂಡುಕುದುರೆ ಹತ್ತಿರ ಬಂದರೆ ಕಿರುಚಿ ಒದೆಯುತ್ತದೆ. ಎಲ್ಲರೂ ಬೆದೆಗೆ ಬಂದಿದೆ ಅಂತಾರೆ. ಒಬ್ಬರು ಒಂದು ಸಲ ಗಬ್ಬ ಮಾಡಿಸಿ ಅಂದರು, ಔಷಧಿ ಅಂಗಡಿಯವರು ಹೆಂಗಸರಿಗೆ ಕೊಡುವ ಮೂರು ತಿಂಗಳ ಇಂಜೆಕ್ಷನ್ ಹಾಕಿಸಿ ಅಂದರು, ಇನ್ನೊಬ್ಬರು ಅಂಡಾಶಯವನ್ನೇ ತೆಗೆಸಿಬಿಡಿ ಅಂದರು. ಮುಂದಿನ ತಿಂಗಳು ಊರ ಜಾತ್ರೆ ಮೆರವಣಿಗೆಗೆ ಬೇರೆ ಕರೆದುಕೊಂಡು ಹೋಗಬೇಕು. ಏನು ಮಾಡಲಿ?

ಉತ್ತರ: ನೀವು ಬರೆದಿದ್ದನ್ನು ಇನ್ನೊಮ್ಮೆ ಓದಿ ನೋಡಿ. ಕಿವಿ ಹಿಂದೆ, ಕಚ್ಚುವುದು, ಒದೆಯುವುದು, ಗಂಡು ಹತ್ತಿರ ಬಂದರೆ ಕಿರುಚುವುದು. ಇದರಲ್ಲಿ ಬೆದೆಯ ಲಕ್ಷಣ ಅಂತ ಹೇಳಬಹುದಾದ್ದು ಒಂದೇ, ಆಗಾಗ ಉಚ್ಚೆ ಹೊಯ್ಯುವುದು. ಅದಕ್ಕೂ ಬೇರೆ ಕಾರಣ ಇರಬಹುದು. ಉಳಿದದ್ದೆಲ್ಲ ಬೆದೆಗೆ ತದ್ವಿರುದ್ಧ. ಹಾಗಾಗಿ ಇಂಜೆಕ್ಷನ್ನು, ಆಪರೇಷನ್ನು ಎಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಇದು ಹಾರ್ಮೋನಿನ ಕೆಲಸವೋ ಅಲ್ಲವೋ ಅಂತ ಮೊದಲು ಗೊತ್ತಾಗಬೇಕು. ಅದನ್ನು ಪತ್ತೆ ಮಾಡಲು ದುಡ್ಡು ಜಾಸ್ತಿ ಬೇಡ, ಒಂದು ನೋಟ್‌ಬುಕ್ ಮತ್ತು ಸ್ವಲ್ಪ ತಾಳ್ಮೆ ಸಾಕು.

ನಿಜವಾಗಿ ಬೆದೆಗೆ ಬಂದ ಕುದುರೆ ಹೇಗಿರುತ್ತದೆ ಹೇಳ್ತೀನಿ. ಗಟ್ಟಿಯಾದ ಗೇಟಿನ ಆಚೆ ಗಂಡುಕುದುರೆ ನಿಂತಿದೆ ಅಂದುಕೊಳ್ಳಿ. ಇವಳು ತಾನಾಗಿಯೇ ಗೇಟಿನ ಹತ್ತಿರ ಬರುತ್ತಾಳೆ. ಮೂಗು ಮೂಗು ತಾಗಿಸಿ, ಆಮೇಲೆ ತಿರುಗಿ ಹಿಂಭಾಗವನ್ನು ಅದರ ಕಡೆ ಕೊಡುತ್ತಾಳೆ. ಹಿಂಗಾಲು ಅಗಲಿಸಿ ಸ್ವಲ್ಪ ಕುಳಿತ ಹಾಗೆ ಬಗ್ಗುತ್ತಾಳೆ, ಬಾಲ ಒಂದು ಬದಿಗೆ ಎತ್ತಿ ಹಾಗೇ ಹಿಡಿಯುತ್ತಾಳೆ, ಹಳದಿ ಉಚ್ಚೆ ಚೂರು ಚೂರೇ ಬಿಡುತ್ತಾಳೆ. ಉಚ್ಚೆ ನಿಂತ ಮೇಲೂ ಯೋನಿಯ ತುಟಿಗಳು ತೆರೆದು ಮುಚ್ಚಿ, ತೆರೆದು ಮುಚ್ಚಿ ಆಡುತ್ತಲೇ ಇರುತ್ತವೆ, ಒಳಗಿನ ಗುಲಾಬಿ ಬಣ್ಣ ಮಿನುಗಿ ಮಾಯವಾಗುತ್ತದೆ. ಮುಖದಲ್ಲಿ ಸಿಟ್ಟೇ ಇರಲ್ಲ, ಕಿವಿ ಸಡಿಲ. ಈ ಹೊತ್ತಿನಲ್ಲಿ ಹೆಚ್ಚಿನ ಕುದುರೆಗಳು ಮೊಂಡಾಗುತ್ತವೆ, ಮಂಕಾಗುತ್ತವೆ, ಗಮನ ಬೇರೆ ಕಡೆ ಇರುತ್ತದೆ, ಮುಂದೆ ನಡಿ ಅಂದರೆ ನಡೆಯಲ್ಲ. ಆದರೆ ಕಚ್ಚಲು ಓಡಿ ಬರುವುದು ಅಪರೂಪ.

ಬೆದೆ ಇಲ್ಲದ ದಿನ ಅದೇ ಗಂಡುಕುದುರೆಯನ್ನು ತಂದು ನಿಲ್ಲಿಸಿ. ಆಗ ನೋಡಿ ಕಿರುಚಾಟ, ಒದೆತ. "ಹತ್ತಿರ ಬರಬೇಡ" ಅಂತ ಅದು ಹೇಳುವ ರೀತಿ ಅದು. ಕುಣಿಗಲ್‌ನಂಥ ಸ್ಟಡ್ ಫಾರ್ಮ್‌ಗಳಲ್ಲಿ ಟೀಸರ್ ಅಂತ ಒಂದು ಗಂಡುಕುದುರೆಯನ್ನು ಇದಕ್ಕೆಂದೇ ಇಟ್ಟಿರುತ್ತಾರೆ, ಅದನ್ನು ಸಾಲಾಗಿ ತೋರಿಸುತ್ತಾ ಯಾವುದು ಒಪ್ಪುತ್ತದೆ, ಯಾವುದು ಒದೆಯುತ್ತದೆ ಅಂತ ಬರೆದುಕೊಳ್ಳುತ್ತಾರೆ. ಒದೆಯುವುದನ್ನು "ಬೆದೆಯಲ್ಲಿ ಇಲ್ಲ" ಅಂತಲೇ ಬರೆಯುವುದು. ನಿಮ್ಮೂರಲ್ಲಿ ಎಲ್ಲರೂ ಅದನ್ನೇ ಬೆದೆ ಅನ್ನುತ್ತಿದ್ದಾರೆ, ಅಷ್ಟೇ. (ಅಂದಹಾಗೆ, ಮಾರ್ವಾಡಿ ಕುದುರೆಯ ಒಳಬಾಗಿದ ಕಿವಿ ಸಿಟ್ಟನ್ನು ತುಂಬಾ ಚೆನ್ನಾಗಿ ತೋರಿಸುತ್ತದೆ. ಆ ತುದಿಗಳು ಹಿಂದಕ್ಕೆ ಬಿದ್ದು ಕತ್ತಿಗೆ ಅಂಟಿದವು ಅಂದರೆ ನೀವು ಒಂದು ಹೆಜ್ಜೆ ಹಿಂದೆ ಸರಿಯಿರಿ.)

ಈಗ ಲೆಕ್ಕ. ಹೆಣ್ಣುಕುದುರೆಯ ಒಂದು ಸುತ್ತು ಹೆಚ್ಚು ಕಡಿಮೆ 21 ದಿನ. ಅದರಲ್ಲಿ 5ರಿಂದ 7 ದಿನ ಬೆದೆ. ಬೆದೆ ಮುಗಿಯುವುದಕ್ಕೆ ಒಂದೆರಡು ದಿನ ಮೊದಲು ಅಂಡ ಬಿಡುಗಡೆ ಆಗುತ್ತದೆ. ಆಮೇಲೆ ಅಂಡ ಇದ್ದ ಜಾಗದಲ್ಲಿ ಒಂದು ಹಳದಿ ಗಂಟು ಬೆಳೆದು ಪ್ರೊಜೆಸ್ಟರಾನ್ ಹಾರ್ಮೋನ್ ಸುರಿಸುತ್ತದೆ, ಸುಮಾರು ಎರಡು ವಾರ. ಅಷ್ಟು ದಿನ ಅದಕ್ಕೆ ಗಂಡು ಬೇಡ. ಗಬ್ಬ ಆಗಿಲ್ಲ ಅಂದರೆ 14–15ನೇ ದಿನಕ್ಕೆ ಗರ್ಭಕೋಶ ಪ್ರೊಸ್ಟಾಗ್ಲಾಂಡಿನ್ ಅನ್ನುವ ಇನ್ನೊಂದು ರಾಸಾಯನಿಕ ಬಿಟ್ಟು ಆ ಗಂಟನ್ನು ಕರಗಿಸುತ್ತದೆ, ಮತ್ತೆ ಬೆದೆ ಬರುತ್ತದೆ. ಈ ಸುತ್ತು ಸ್ವಲ್ಪ ನೆನಪಿಟ್ಟುಕೊಳ್ಳಿ. ಮುಂದೆ ಹೇಳುವ ಔಷಧಿಗಳೆಲ್ಲ ಇದರ ಯಾವುದೋ ಒಂದು ಕೊಂಡಿಯನ್ನು ಹಿಡಿದು ಎಳೆಯುವವೇ.

ಇಂಟರ್‌ನೆಟ್‌ನಲ್ಲಿ ನೋಡಿದರೆ ಚಳಿಗಾಲದಲ್ಲಿ ಬೆದೆ ಬರಲ್ಲ, ವಸಂತದಲ್ಲಿ ಶುರುವಾಗುತ್ತದೆ ಅಂತ ಬರೆದಿರುತ್ತಾರೆ. ಅದು ಇಂಗ್ಲೆಂಡ್, ಅಮೆರಿಕದ ಕಡೆಯ ಮಾತು. ಕುದುರೆಯ ಮೆದುಳು ಹಗಲು ಎಷ್ಟು ಉದ್ದ ಅನ್ನುವುದನ್ನು ನೋಡಿ ಅಂಡಾಶಯಕ್ಕೆ ಕೆಲಸ ಹೇಳುತ್ತದೆ. ಲಂಡನ್ನಿನಲ್ಲಿ ಬೇಸಿಗೆ ಹಗಲಿಗೂ ಚಳಿಗಾಲದ ಹಗಲಿಗೂ ಎಂಟು ಗಂಟೆಗೂ ಮೀರಿ ವ್ಯತ್ಯಾಸ. ಬೆಂಗಳೂರಲ್ಲಿ ಅದು ಒಂದೂವರೆ ಗಂಟೆ, ನಿಮ್ಮ ವಿಜಯಪುರದಲ್ಲಿ ಎರಡು ಗಂಟೆ ಆಸುಪಾಸು. ಹಾಗಾಗಿ ನಮ್ಮ ಕಡೆ ಎಷ್ಟೋ ಕುದುರೆಗಳಿಗೆ ವರ್ಷವಿಡೀ ಬೆದೆ ಬರುತ್ತದೆ, ಕೆಲವು ಮಾತ್ರ ಚಳಿಗಾಲದಲ್ಲಿ ನಿಲ್ಲಿಸುತ್ತವೆ. ನಿಲ್ಲಿಸಿದವು ಮತ್ತೆ ಶುರು ಮಾಡುವಾಗ ಮಾತ್ರ ಸ್ವಲ್ಪ ಗಲಿಬಿಲಿ ಇರುತ್ತದೆ, ಅಂಡ ಬಿಡದೆ ಎರಡು ಮೂರು ವಾರ ಎಳೆದಾಡುವುದುಂಟು. ಅದು ರೋಗ ಅಲ್ಲ.

ಆ ನೋಟ್‌ಬುಕ್ ಯಾಕೆ ಅಂದರೆ, ದಿನಕ್ಕೆ ಒಂದು ಸಾಲು ಬರೆಯಬೇಕು. ಇವತ್ತು ಹೊಟ್ಟೆಪಟ್ಟಿ ಬಿಗಿಯುವಾಗ ಏನು ಮಾಡಿತು, ಬಾಲ ಎತ್ತಿ ಹಿಡಿಯಿತಾ ಅಥವಾ ಬೀಸಿತಾ, ಉಚ್ಚೆ ಹೇಗೆ, ಹುರುಳಿ ಪೂರ್ತಿ ತಿಂದಿತಾ, ಗಂಡುಕುದುರೆಯನ್ನು ನೋಡಿ ಒಪ್ಪಿತಾ, ಓಡಿಸಿತಾ. ಮೊಬೈಲ್ ಕ್ಯಾಲೆಂಡರ್ ಆದರೂ ಸರಿ, ಆದರೆ ಲಾಯದ ಗೋಡೆಗೆ ತೂಗುಹಾಕಿದ ಕ್ಯಾಲೆಂಡರ್ ಇನ್ನೂ ಒಳ್ಳೆಯದು, ಮೇವು ಹಾಕುವ ಹುಡುಗನೂ ಗುರುತು ಹಾಕಬಹುದು. ಎರಡು ತಿಂಗಳು ಬರೆದರೆ ಮೂರು ಸುತ್ತು ಸಿಗುತ್ತವೆ. ಕೆಟ್ಟ ದಿನಗಳು ಸುಮಾರು ಮೂರು ವಾರಕ್ಕೊಮ್ಮೆ ಗುಂಪಾಗಿ ಬಂದು ಹೋಗುತ್ತಿದ್ದರೆ ಹಾರ್ಮೋನಿನ ಮೇಲೆ ಅನುಮಾನ ಪಡಲು ಕಾರಣ ಇದೆ. ದಿನಾ ಇದ್ದರೆ, ಅಥವಾ ಜೀನು ಕಂಡ ಕೂಡಲೇ ಮಾತ್ರ ಇದ್ದರೆ, ಅಥವಾ ತಿಂಡಿ ಹೊತ್ತಿಗೆ ಮಾತ್ರ ಇದ್ದರೆ, ಅಂಡಾಶಯವನ್ನು ಬಿಟ್ಟು ಬೇರೆ ಕಡೆ ನೋಡಿ.

ಬೇರೆ ಕಡೆ ಅಂದರೆ ಎಲ್ಲಿ? ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಹೊಳೆದದ್ದು ಹೊಟ್ಟೆಯ ಹುಣ್ಣು. ಕುದುರೆಯ ಜಠರ ದೇಹಕ್ಕೆ ಹೋಲಿಸಿದರೆ ತುಂಬಾ ಚಿಕ್ಕದು, ಎಂಟರಿಂದ ಹದಿನೈದು ಲೀಟರ್ ಅಷ್ಟೇ. ಮತ್ತು ಅದು ತಿಂದರೂ ತಿನ್ನದಿದ್ದರೂ ಆಮ್ಲ ಸುರಿಸುತ್ತಲೇ ಇರುತ್ತದೆ. ಬಯಲಲ್ಲಿ ಮೇಯುವ ಪ್ರಾಣಿ, ದಿನದ ಬಹುಪಾಲು ಏನಾದರೂ ಜಗಿಯುತ್ತಲೇ ಇರಬೇಕು. ನಾವೇನು ಮಾಡ್ತೀವಿ? ಬೆಳಿಗ್ಗೆ ಒಂದು ಬಕೆಟ್ ಬೇಯಿಸಿದ ಹುರುಳಿ, ಬೂಸಾ. ಸಂಜೆ ಇನ್ನೊಂದು ಬಕೆಟ್. ನಡುವೆ ಗೂಟಕ್ಕೆ ಕಟ್ಟಿ ಖಾಲಿ ಹೊಟ್ಟೆ. ಮೇಲೆ ಸವಾರಿ ಬೇರೆ. ಓಡುವಾಗ ಆ ಆಮ್ಲ ಜಠರದ ಮೇಲಿನ ಅರ್ಧಕ್ಕೆ ಚಿಮ್ಮುತ್ತದೆ, ಆ ಭಾಗಕ್ಕೆ ರಕ್ಷಣೆಯ ಲೋಳೆಯ ಪದರವೇ ಇಲ್ಲ. ಹುಣ್ಣಾದ ಕುದುರೆ ಹೊಟ್ಟೆಪಟ್ಟಿ ಬಿಗಿದಾಗ ಕಚ್ಚಲು ಬರುತ್ತದೆ, ಕಾಳು ಅರ್ಧ ತಿಂದು ಬಿಡುತ್ತದೆ, ಹಲ್ಲು ಕಡಿಯುತ್ತದೆ, ಪದೇ ಪದೇ ಆಕಳಿಸುತ್ತದೆ, ಮೈಮೇಲಿನ ಕೂದಲ ಹೊಳಪು ಹೋಗುತ್ತದೆ. ಖಚಿತ ಮಾಡಬೇಕೆಂದರೆ ಮೂರು ಮೀಟರ್ ಉದ್ದದ ಎಂಡೋಸ್ಕೋಪ್ ಬೇಕು, ಎಲ್ಲ ಕಡೆ ಇರಲ್ಲ. ಹಾಗಾಗಿ ಕೆಲವು ಸಲ ವೈದ್ಯರು ಒಮೆಪ್ರಜೋಲ್ ಕೊಟ್ಟು ನೋಡುತ್ತಾರೆ. ಇಲ್ಲೊಂದು ಎಚ್ಚರಿಕೆ. ಕುದುರೆಗೆ ಚಿಕಿತ್ಸೆಯ ಪ್ರಮಾಣ ಕಿಲೋ ತೂಕಕ್ಕೆ 4 ಮಿಲಿಗ್ರಾಂ, ದಿನಕ್ಕೊಮ್ಮೆ, ನಾಲ್ಕು ವಾರ. 350 ಕಿಲೋ ಕುದುರೆಗೆ ದಿನಕ್ಕೆ 1400 ಮಿಲಿಗ್ರಾಂ ಆಯಿತು. ನಾವು ನುಂಗುವ 20 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಲೆಕ್ಕ ಹಾಕಿದರೆ 70 ಬೇಕು. ಎರಡು ಕ್ಯಾಪ್ಸೂಲ್ ಬೆಲ್ಲದಲ್ಲಿ ಇಟ್ಟು ಕೊಟ್ಟು "ಹುಣ್ಣಿನ ಔಷಧಿ ಕೊಟ್ಟೆವು, ಏನೂ ಆಗಲಿಲ್ಲ" ಅನ್ನುವವರು ತುಂಬಾ ಜನ ಸಿಗುತ್ತಾರೆ, ಅದಕ್ಕೆ ಹೇಳಿದೆ. ಕುದುರೆಗೆಂದೇ ತಯಾರಾದ ಪೇಸ್ಟ್ ಸಿಕ್ಕರೆ ಅದೇ ಸರಿ.

ಔಷಧಿಗಿಂತ ಮೊದಲು ಮೇವು ಸರಿ ಮಾಡಿ. ಒಣಮೇವು ಮುಂದೆ ಸದಾ ಇರಲಿ, ಒಟ್ಟು ದಿನಕ್ಕೆ ದೇಹತೂಕದ ನೂರಕ್ಕೆ ಎರಡು ಪಾಲಿನಷ್ಟು. 350 ಕಿಲೋ ಕುದುರೆಗೆ ಏಳು ಕಿಲೋ. ಹುರುಳಿಯನ್ನು ಎರಡು ದೊಡ್ಡ ಊಟದ ಬದಲು ನಾಲ್ಕು ಸಣ್ಣ ಪಾಲು ಮಾಡಿ. ಜೀನು ಹಾಕುವ ಅರ್ಧ ಗಂಟೆ ಮೊದಲು ಒಂದೆರಡು ಹಿಡಿ ಕುದುರೆ ಮಸಾಲೆ ಸೊಪ್ಪು, ಅಂದರೆ ಲೂಸರ್ನ್, ಕೊಡಿ. ಅದರಲ್ಲಿರುವ ಕ್ಯಾಲ್ಸಿಯಂ ಆಮ್ಲವನ್ನು ತಗ್ಗಿಸುತ್ತದೆ, ಹೊಟ್ಟೆಯಲ್ಲಿ ಒಂದು ದಪ್ಪ ಪದರವೂ ಆಗುತ್ತದೆ. ಇಷ್ಟಕ್ಕೇ ಹೊಟ್ಟೆಪಟ್ಟಿ ಜಗಳ ಅರ್ಧ ಕಡಿಮೆಯಾದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ಎರಡನೆಯದು ಬೆನ್ನು. ಜೀನು ತೆಗೆದ ಮೇಲೆ ಬೆವರಿನ ಗುರುತು ನೋಡಿ. ಎರಡೂ ಕಡೆ ಒಂದೇ ಸಮ ಒದ್ದೆ ಇರಬೇಕು. ನಡುವೆ ಒಂದು ಕಡೆ ಮಾತ್ರ ಒಣಗಿದ ತೇಪೆ ಇದ್ದರೆ ಅಲ್ಲಿ ಜೀನು ಒತ್ತುತ್ತಿದೆ. ಹೆಗಲ ಏಣಿನ ಪಕ್ಕ ಬಿಳಿ ಕೂದಲು ಹುಟ್ಟಿದ್ದರೆ ಅದು ಹಳೆಯ ಒತ್ತಿನ ಗಾಯದ ಗುರುತು, ಕುದುರೆ ನಿಮ್ಮ ಹತ್ತಿರ ಬರುವ ಮೊದಲೇ ಆಗಿದ್ದಿರಬಹುದು. ಆಮೇಲೆ ಮೂರು ಬೆರಳು ಜೋಡಿಸಿ, ಬೆನ್ನೆಲುಬಿನಿಂದ ನಾಲ್ಕು ಬೆರಳು ಪಕ್ಕಕ್ಕೆ, ಹೆಗಲಿಂದ ಸೊಂಟದ ತನಕ ಒಂದೇ ಒತ್ತಡದಲ್ಲಿ ನಿಧಾನವಾಗಿ ಒತ್ತುತ್ತಾ ಹೋಗಿ. ಮಾಂಸ ನಡುಗಿದರೆ, ಬೆನ್ನು ಕುಗ್ಗಿಸಿದರೆ, ಕಿವಿ ಹಿಂದೆ ಹೋದರೆ ಆ ಜಾಗ ಗುರುತು ಮಾಡಿಕೊಳ್ಳಿ. ನಿಮ್ಮ ಕೈ ಕೆಳಗೆ ಗೊತ್ತಾಗುತ್ತದೆ, ಅನುಮಾನವೇ ಬೇಡ. ಹಲ್ಲಿನ ಚೂಪು ಅಂಚು, ಹಿಂಗಾಲಿನ ಕುಂಟು ಇವೂ ಇದೇ ಥರ ಆಡಿಸುತ್ತವೆ, ವೈದ್ಯರು ಬಂದಾಗ ತೋರಿಸಿ.

ಮೂರನೆಯದು ನಿಮ್ಮ ಕಡೆಯವರಿಗೆ ಮುಖ್ಯ. ಹಸಿ ಜೋಳದ ಮೇವು ಹಾಕುತ್ತೀರಾ? ಜೋಳ, ಅದರಲ್ಲೂ ಸುಡಾನ್ ಹುಲ್ಲು, ಜೋಳದ ಹೈಬ್ರಿಡ್ ಮೇವು ಹಸಿಯಾಗಿ ವಾರಗಟ್ಟಲೆ ತಿಂದ ಕುದುರೆಗೆ ನಿಧಾನವಾಗಿ ಬೆನ್ನುಹುರಿ ಹಾಳಾಗಿ ಮೂತ್ರಕೋಶ ಸೋಲುತ್ತದೆ. ಎತ್ತು ಎಮ್ಮೆಗಳಿಗೆ ಹೀಗೆ ಆಗುವುದು ಅಪರೂಪ, ಅದಕ್ಕೇ ಯಾರಿಗೂ ಅನುಮಾನ ಬರಲ್ಲ. ಉಚ್ಚೆ ತೊಟ್ಟು ತೊಟ್ಟಾಗಿ ಸೋರುತ್ತದೆ, ಯೋನಿ ತುಟಿ ಆಡುತ್ತಿರುತ್ತದೆ, ನೋಡಿದವರು ಬೆದೆ ಅಂದುಕೊಳ್ಳುತ್ತಾರೆ. ವ್ಯತ್ಯಾಸ ಎಲ್ಲಿ ಅಂದರೆ ತೊಡೆಯ ಒಳಭಾಗ. ಅಲ್ಲಿ ಕೂದಲು ಉಚ್ಚೆಯಿಂದ ನೆನೆದು ಅಂಟಿರುತ್ತದೆ, ಚರ್ಮ ಕೆಂಪಾಗಿ ಸುಟ್ಟ ಹಾಗಿರುತ್ತದೆ, ಬೆದೆಯಲ್ಲಿ ಹೀಗಾಗಲ್ಲ. ಕುದುರೆಯನ್ನು ಸಣ್ಣ ಸುತ್ತಿನಲ್ಲಿ ತಿರುಗಿಸಿದರೆ ಅಥವಾ ಹಿಂದೆ ನಡೆಸಿದರೆ ಹಿಂಗಾಲು ತೂರಾಡುತ್ತದೆ. ಹಾಗೆ ಕಂಡರೆ ಹಸಿ ಜೋಳ ಇವತ್ತೇ ನಿಲ್ಲಿಸಿ, ಇವತ್ತೇ ವೈದ್ಯರಿಗೆ ಫೋನ್ ಮಾಡಿ, ನರಕ್ಕೆ ಆದ ಹಾನಿ ಪೂರ್ತಿ ವಾಪಸ್ಸು ಬರುವುದು ಕಷ್ಟ. ಚೆನ್ನಾಗಿ ಒಣಗಿಸಿದ ಕಣಿಕೆಗೆ ಈ ಭಯ ಇಲ್ಲ. ಮೂತ್ರಕೋಶದ ಸೋಂಕು, ಕಲ್ಲು ಇದ್ದರೂ ಸ್ವಲ್ಪ ಸ್ವಲ್ಪ ಉಚ್ಚೆ ಬರುತ್ತದೆ, ಅದಕ್ಕೆ ಒಂದು ಮೂತ್ರ ಪರೀಕ್ಷೆ ಮಾಡಿಸಿ.

ಇನ್ನೊಂದು ವಿಷಯ ಕೇಳಿದರೆ ನಗ್ತೀರೇನೋ. ಚಾಂದನಿ ಈಗಾಗಲೇ ಗಬ್ಬ ಇಲ್ಲ ತಾನೇ? ಪಕ್ಕದ ತೋಟದಲ್ಲಿ ಗಂಡು ಇದೆ ಅಂದಿರಿ, ರಾತ್ರಿ ಬೇಲಿ ದಾಟಿದ್ದು ಯಾರಿಗೆ ಗೊತ್ತು. ಹೊಟ್ಟೆಯಲ್ಲಿ ಮರಿ ಇರುವಾಗ ನಡುವಿನ ತಿಂಗಳುಗಳಲ್ಲಿ ತಾಯಿಯ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಏರುತ್ತದೆ, ಕೆಲವು ಕುದುರೆಗಳು ಗಂಡಿನ ಹಾಗೆ ದರ್ಪ ಮಾಡುತ್ತವೆ. ಇದನ್ನು ನೋಡದೆ ಹಾರ್ಮೋನ್ ಇಂಜೆಕ್ಷನ್ ಕೊಟ್ಟರೆ ಕಂದು ಹಾಕುವ ಅಪಾಯ ಇದೆ. ಅದಕ್ಕೇ ಯಾವ ಚಿಕಿತ್ಸೆಗೂ ಮೊದಲು ಒಂದು ಸ್ಕ್ಯಾನ್.

ಸ್ಕ್ಯಾನ್ ಬಗ್ಗೆ ಒಂದು ಮಾತು. ಹಸುಗಳಿಗೆ ದಿನಾ ಕೈ ಹಾಕಿ ನೋಡುವ ವೈದ್ಯರೂ ಕುದುರೆ ಅಂದರೆ ಹಿಂಜರಿಯುತ್ತಾರೆ, ಅದು ಸರಿಯೇ. ಕುದುರೆಯ ಗುದನಾಳ ಹಸುವಿನದಕ್ಕಿಂತ ಸುಲಭವಾಗಿ ಹರಿಯುತ್ತದೆ, ಹರಿದರೆ ಜೀವಕ್ಕೇ ಬರಬಹುದು. ಕುದುರೆ ನೋಡಿ ಅಭ್ಯಾಸ ಇರುವವರ ಹತ್ತಿರವೇ ಮಾಡಿಸಿ. ಗದಗ ಅಥವಾ ಬೀದರಿನ ಪಶುವೈದ್ಯ ಕಾಲೇಜಿಗೆ ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ. ಸ್ಕ್ಯಾನಿನಲ್ಲಿ ಮೂರು ವಿಷಯ ತಿಳಿಯುತ್ತದೆ. ಗಬ್ಬ ಇದೆಯಾ, ಈಗ ಸುತ್ತಿನ ಯಾವ ಹಂತ, ಮತ್ತು ಅಂಡಾಶಯದಲ್ಲಿ ಗಡ್ಡೆ ಇದೆಯಾ.

ಗಡ್ಡೆ ಅಂದ ಕೂಡಲೇ ಗಾಬರಿ ಬೇಡ. ಹೆಣ್ಣುಕುದುರೆಯ ಅಂಡಾಶಯದಲ್ಲಿ ಹೆಚ್ಚಾಗಿ ಕಾಣುವ ಗಡ್ಡೆಗೆ ಗ್ರ್ಯಾನುಲೋಸಾ ಸೆಲ್ ಟ್ಯೂಮರ್ ಅಂತಾರೆ. ಸಾಮಾನ್ಯವಾಗಿ ಒಂದೇ ಬದಿಗೆ ಇರುತ್ತದೆ, ಬೇರೆ ಕಡೆ ಹರಡುವುದು ಅಪರೂಪ. ಸ್ಕ್ಯಾನಿನಲ್ಲಿ ಜೇನುಗೂಡಿನ ಹಾಗೆ ಕೋಶ ಕೋಶವಾಗಿ ಕಾಣುತ್ತದೆ, ಇನ್ನೊಂದು ಬದಿಯ ಅಂಡಾಶಯ ಸುಕ್ಕಿ ಚಿಕ್ಕದಾಗಿರುತ್ತದೆ. ಇಂಥ ಕುದುರೆ ಬೇರೆ ಹೆಣ್ಣುಕುದುರೆಗಳ ಮೇಲೆ ಹತ್ತುತ್ತದೆ, ಅವುಗಳನ್ನು ಗುಂಪು ಕಟ್ಟಿ ಅಟ್ಟುತ್ತದೆ, ಕತ್ತು ದಪ್ಪವಾಗುತ್ತದೆ. ಕೆಲವು ಬಿಡುವಿಲ್ಲದೆ ಬೆದೆಯಲ್ಲೇ ಇರುತ್ತವೆ, ಕೆಲವಕ್ಕೆ ಬೆದೆಯೇ ನಿಂತುಹೋಗುತ್ತದೆ. ರಕ್ತದಲ್ಲಿ ಎ.ಎಂ.ಎಚ್. ಅನ್ನುವ ಹಾರ್ಮೋನ್ ನೋಡಿದರೆ ಖಚಿತವಾಗುತ್ತದೆ. ಆ ಒಂದು ಬದಿಯನ್ನು ತೆಗೆದರೆ ನಡತೆ ಸರಿಹೋಗುತ್ತದೆ, ಕೆಲವು ತಿಂಗಳ ಮೇಲೆ ಉಳಿದ ಬದಿ ಮತ್ತೆ ಕೆಲಸ ಶುರು ಮಾಡುತ್ತದೆ. ನೀವು ಬರೆದ ಲಕ್ಷಣಗಳಲ್ಲಿ ಇದು ನನಗೆ ಕಾಣುತ್ತಿಲ್ಲ. ಆದರೆ ಬೆದೆ ಹನ್ನೆರಡು ದಿನ ದಾಟಿದರೂ ಮುಗಿಯದಿದ್ದರೆ ತೋರಿಸಿ.

ಸರಿ, ಎರಡು ತಿಂಗಳು ಬರೆದಿರಿ, ಹೊಟ್ಟೆ ಬೆನ್ನು ಎಲ್ಲ ನೋಡಿಯಾಯಿತು, ನಿಜವಾಗಿಯೂ ಬೆದೆಯ ದಿನಗಳಲ್ಲೇ ತೊಂದರೆ ಅಂತ ಗೊತ್ತಾಯಿತು ಅನ್ನೋಣ. ಆಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ತಿಂಗಳಿಗೆ ಐದಾರು ದಿನ ಕೆಲಸ ಹಗುರ ಮಾಡಿದರೆ ಆಗಲ್ವಾ? ಬಹಳ ಜನಕ್ಕೆ ಆಗುತ್ತದೆ. ಆ ದಿನಗಳಲ್ಲಿ ಗಂಡು ಕಾಣದ ಕಡೆ ಕಟ್ಟಿ, ಪಕ್ಕದಲ್ಲಿ ಪರಿಚಯದ ಇನ್ನೊಂದು ಕುದುರೆ ಇರಲಿ. ಪೂರ್ತಿ ರಜೆ ಕೊಡಬೇಡಿ, ಕೈಯಲ್ಲಿ ಹಿಡಿದು ನಡೆಸುವುದು, ನಿಲ್ಲಿಸುವುದು, ಹಿಂದೆ ಸರಿಸುವುದು, ಹಿಂಭಾಗ ಪಕ್ಕಕ್ಕೆ ಸರಿಸುವುದು ಇಂಥ ಸಣ್ಣ ಸಣ್ಣ ಕೆಲಸ ಕೊಡುತ್ತಾ ಇರಿ. ಗಮನ ನಿಮ್ಮ ಮೇಲೆ ಉಳಿಯುತ್ತದೆ. ಬಾಲ, ತೊಡೆ ತೊಳೆಯುವಾಗ ಹಿಂದೆ ನಿಲ್ಲಬೇಡಿ, ಹೆಗಲ ಪಕ್ಕದಿಂದ ಕೈ ಜಾರಿಸುತ್ತಾ ಹೋಗಿ, ಒಬ್ಬರು ತಲೆ ಹಿಡಿದಿರಲಿ. ಚಾಬೂಕು ತೆಗೆಯಬೇಡಿ. ಹೊಡೆತ ತಿಂದ ಕುದುರೆ ಬೆದೆ ಇಲ್ಲದ ದಿನವೂ ಜೀನು ಕಂಡರೆ ಒದೆಯಲು ಕಲಿಯುತ್ತದೆ, ಆಮೇಲೆ ಯಾವ ಹಾರ್ಮೋನ್ ಔಷಧಿಯೂ ಅದನ್ನು ಬಿಡಿಸಲ್ಲ.

ಅಷ್ಟಕ್ಕೆ ಆಗಲಿಲ್ಲ ಅಂದರೆ ಔಷಧಿ. ಹೊರದೇಶಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಆಲ್ಟ್ರೆನೋಜೆಸ್ಟ್, ಪ್ರೊಜೆಸ್ಟರಾನ್ ಥರದ್ದೇ ಔಷಧಿ, ಎಣ್ಣೆಯಲ್ಲಿ ಕರಗಿಸಿದ್ದು, ಬಾಯಿಗೆ ಹಾಕುವುದು. ಕಿಲೋಗೆ 0.044 ಮಿಲಿಗ್ರಾಂ, ದಿನಾ ಒಂದು ಹೊತ್ತು. ಎರಡು ಮೂರು ದಿನದಲ್ಲಿ ಬೆದೆಯ ಲಕ್ಷಣ ನಿಲ್ಲುತ್ತದೆ, ಕೊಡುವುದು ನಿಲ್ಲಿಸಿದರೆ ಮತ್ತೆ ಬರುತ್ತದೆ. ಅಂತರರಾಷ್ಟ್ರೀಯ ಕುದುರೆ ಸ್ಪರ್ಧೆಗಳಲ್ಲೂ ಹೆಣ್ಣುಕುದುರೆಗೆ ಇದನ್ನು ಒಪ್ಪಿದ್ದಾರೆ. ಸಿಗುವುದು, ತರಿಸುವುದು ವೈದ್ಯರ ಮೂಲಕವೇ ಆಗಲಿ. ಇದರಲ್ಲಿ ಒಂದು ದೊಡ್ಡ ಅಪಾಯ ಇದೆ, ಅದು ಕುದುರೆಗಲ್ಲ, ಮನೆಯವರಿಗೆ. ಚರ್ಮದ ಮೇಲೆ ಬಿದ್ದರೆ ಒಳಗೆ ಹೀರಿಕೊಳ್ಳುತ್ತದೆ. ಹೆಂಗಸರ ಮುಟ್ಟು ಏರುಪೇರಾಗುತ್ತದೆ, ಬಸುರಿಯರು ಬಾಟಲಿಯನ್ನೂ ಮುಟ್ಟಬಾರದು. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ತೆಳು ಲೇಟೆಕ್ಸ್‌ನಲ್ಲಿ ಇದು ತೂರಿ ಬರುತ್ತದೆ. ಕುದುರೆಯ ಗರ್ಭಕೋಶದಲ್ಲಿ ಕೀವು ಸೋಂಕು ಇದ್ದರೆ ಕೊಡಲೇಬಾರದು, ಸೋಂಕು ಒಳಗೇ ಕೂತು ಹೆಚ್ಚಾಗುತ್ತದೆ. ಎಣ್ಣೆಯಲ್ಲಿನ ಪ್ರೊಜೆಸ್ಟರಾನ್ ಇಂಜೆಕ್ಷನ್ ಕೂಡ ಇದೇ ಕೆಲಸ ಮಾಡುತ್ತದೆ, ಆದರೆ ದಿನಾ ಚುಚ್ಚಬೇಕು. ಹತ್ತು ದಿನ ಆದ ಮೇಲೆ ಆ ನೋವಿಗೇ ಕುದುರೆ ಕತ್ತು ಮುಟ್ಟಲು ಬಿಡಲ್ಲ, ಇದ್ದ ಜಗಳದ ಜೊತೆ ಇನ್ನೊಂದು.

ಕಡಿಮೆ ಖರ್ಚಿನ ದಾರಿ ಆಕ್ಸಿಟೋಸಿನ್. ಅಂಡ ಬಿಟ್ಟು ಏಳನೇ ದಿನದಿಂದ ಹದಿನಾಲ್ಕನೇ ದಿನದ ತನಕ, ದಿನಕ್ಕೆ 60 ಯೂನಿಟ್ ಸ್ನಾಯುವಿಗೆ ಕೊಟ್ಟರೆ, ನಾನು ಮೇಲೆ ಹೇಳಿದೆನಲ್ಲ, ಗಂಟನ್ನು ಕರಗಿಸುವ ಆ ರಾಸಾಯನಿಕ ಹೊತ್ತಿಗೆ ಸರಿಯಾಗಿ ಹೊರಡುವುದೇ ಇಲ್ಲ. ಗಂಟು ಉಳಿಯುತ್ತದೆ, ಬಹಳಷ್ಟು ಕುದುರೆಗಳಲ್ಲಿ ಒಂದೆರಡು ತಿಂಗಳು ಬೆದೆ ಮುಂದಕ್ಕೆ ಹೋಗುತ್ತದೆ. ಅಂಡ ಬಿಟ್ಟ ದಿನ ಗೊತ್ತಿರಬೇಕು, ಗಬ್ಬ ಇಲ್ಲ ಅಂತ ಖಾತ್ರಿ ಆಗಿರಬೇಕು. ಹಾಲು ಇಳಿಸಲು ಎಮ್ಮೆಗೆ ಕದ್ದು ಕೊಡುತ್ತಾರಲ್ಲ, ಅದೇ ಔಷಧಿ ಇದು. ಸಂತೆಯಲ್ಲಿ ಲೇಬಲ್ ಇಲ್ಲದೆ ಮಾರುವ ಬಾಟಲಿಯಲ್ಲಿ ಎಷ್ಟು ಯೂನಿಟ್ ಇದೆ ಅಂತ ಹೇಳಲು ಯಾರಿಂದಲೂ ಆಗಲ್ಲ. ವೈದ್ಯರ ಚೀಟಿ ತಗೊಂಡೇ ಕೊಳ್ಳಿ.

ಇಲ್ಲಿ ನೋಟ್‌ಬುಕ್ ಯಾಕೆ ಬೇಕು ಅನ್ನುವುದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ಈ ಎಲ್ಲ ಔಷಧಿಗಳೂ ಕುದುರೆಯನ್ನು ಬೆದೆ ಇಲ್ಲದ ಎರಡು ವಾರದ ಸ್ಥಿತಿಯಲ್ಲಿ ಇಡುತ್ತವೆ. ಚಾಂದನಿ ಒದೆಯುವುದು, ಕಚ್ಚುವುದು ಆ ಎರಡು ವಾರದಲ್ಲೇ ಅಂತ ನಿಮ್ಮ ಬರವಣಿಗೆ ತೋರಿಸಿತು ಅನ್ನಿ. ಆಗ ಈ ಔಷಧಿ ಕೊಟ್ಟರೆ ಆ ದಿನಗಳನ್ನೇ ಉದ್ದ ಮಾಡಿದ ಹಾಗಾಯಿತು, ಅಲ್ವಾ?

ಅಂಗಡಿಯವರು ಹೇಳಿದ ಮೂರು ತಿಂಗಳ ಇಂಜೆಕ್ಷನ್, ಮೆಡ್ರಾಕ್ಸಿಪ್ರೊಜೆಸ್ಟರಾನ್, ಬೇಡವೇ ಬೇಡ. ಹೆಂಗಸರಲ್ಲಿ ಕೆಲಸ ಮಾಡುತ್ತದೆ ಸರಿ, ಹೆಣ್ಣುಕುದುರೆಗಳಲ್ಲಿ ಪರೀಕ್ಷೆ ಮಾಡಿದಾಗ ಅದು ಬೆದೆಯನ್ನು ತಡೆಯಲೇ ಇಲ್ಲ. ಗರ್ಭಕೋಶದ ಒಳಗೆ ಗಾಜಿನ ಗೋಲಿ ಹಾಕುವ ಒಂದು ಪದ್ಧತಿ ಇತ್ತು, ಯಾರಾದರೂ ಹೇಳಿದರೆ ಅದಕ್ಕೂ ಒಪ್ಪಬೇಡಿ. ಅರ್ಧಕ್ಕಿಂತ ಕಡಿಮೆ ಕುದುರೆಗಳಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಗೋಲಿ ಒಳಗೇ ಒಡೆದದ್ದು, ವರ್ಷಗಟ್ಟಲೆ ಮರೆತುಹೋಗಿ ಕೀವಾದದ್ದು ಎಲ್ಲ ನಡೆದಿದೆ. ಇನ್ನು ಗಿಡಮೂಲಿಕೆ. ವಿದೇಶಿ ಪುಡಿಗಳಲ್ಲಿ ಚೇಸ್ಟ್‌ಬೆರಿ ಇರುತ್ತದೆ, ಅದು ನಮ್ಮ ಲಕ್ಕಿ ಗಿಡದ ದಾಯಾದಿ ಜಾತಿ, ಅದೇ ಗಿಡ ಅಲ್ಲ. ಬೆದೆಯ ನಡತೆಗೆ ಅದು ಉಪಯೋಗ ಅನ್ನಲು ಗಟ್ಟಿ ಆಧಾರ ಇಲ್ಲ, ಹಾಗಿರುವಾಗ ಬೇಲಿಯ ಲಕ್ಕಿ ಸೊಪ್ಪು ಕಿತ್ತು ಹಾಕುವುದಂತೂ ಸುಮ್ನೆ ಕುದುರೆಗೆ ಕಹಿ ತಿನ್ನಿಸಿದ ಹಾಗೆ.

ಎರಡೂ ಅಂಡಾಶಯ ತೆಗೆಸುವ ವಿಚಾರ. ನಾಯಿಗೆ ಮಾಡಿಸಿದರೆ ಬೆದೆ ನಿಲ್ಲುತ್ತದೆ, ಕುದುರೆಗೂ ಹಾಗೇ ಅಂದುಕೊಳ್ಳುತ್ತಾರೆ. ಹಾಗಲ್ಲ. ಕುದುರೆ ಗಂಡನ್ನು ಓಡಿಸುವುದು ಪ್ರೊಜೆಸ್ಟರಾನ್ ಇರುವುದರಿಂದ. ಅಂಡಾಶಯ ಹೋದರೆ ಪ್ರೊಜೆಸ್ಟರಾನೂ ಹೋಯಿತು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯಿಂದ ಬರುವ ಚೂರುಪಾರು ಹಾರ್ಮೋನ್ ಸಾಕು, ಕೆಲವು ಕುದುರೆಗಳು ಯಾವ ದಿನ ಬೇಕಾದರೂ ಬೆದೆ ತೋರಿಸುತ್ತವೆ. ವೀರ್ಯ ಸಂಗ್ರಹ ಮಾಡುವ ಕೇಂದ್ರಗಳಲ್ಲಿ ಗಂಡಿನ ಮುಂದೆ ನಿಲ್ಲಿಸಲು ಅಂಡಾಶಯ ತೆಗೆದ ಹೆಣ್ಣುಕುದುರೆಯನ್ನೇ ಇಟ್ಟುಕೊಳ್ಳುವುದುಂಟು, ಯಾವಾಗಲೂ ಒಪ್ಪುತ್ತದೆ ಅಂತ! ಗಡ್ಡೆ ಇದ್ದರೆ ಆಪರೇಷನ್ ಸರಿ. ಸಿಟ್ಟಿಗೋಸ್ಕರ ಮಾಡಿಸುವುದಾದರೆ, ಮೊದಲು ಆಲ್ಟ್ರೆನೋಜೆಸ್ಟ್ ಒಂದೂವರೆ ತಿಂಗಳು ಕೊಟ್ಟು ನೋಡಲಿ. ಅದಕ್ಕೂ ನಡತೆ ಬದಲಾಗಲಿಲ್ಲ ಅಂದರೆ ಆ ಸಿಟ್ಟು ಬೆದೆಯದ್ದಲ್ಲ, ಕತ್ತರಿಸಿ ಪ್ರಯೋಜನ ಇಲ್ಲ.

ಗಬ್ಬ ಮಾಡಿಸಿದರೆ ಸರಿಹೋಗುತ್ತದಾ? ಹನ್ನೊಂದು ತಿಂಗಳು ಬೆದೆ ಇರಲ್ಲ, ಅದು ನಿಜ. ಮರಿ ಹಾಕಿ ಏಳರಿಂದ ಹತ್ತು ದಿನದೊಳಗೆ ಮತ್ತೆ ಬೆದೆಗೆ ಬರುತ್ತದೆ, ಆಗ ನಿಮ್ಮ ಹತ್ತಿರ ಹಳೆ ಸಮಸ್ಯೆಯ ಜೊತೆ ಒಂದು ಮರಿಯೂ ಇರುತ್ತದೆ. ಹೊಟ್ಟೆ ಹುಣ್ಣೋ ಬೆನ್ನು ನೋವೋ ಇದ್ದರಂತೂ ಆ ನೋವಿನಲ್ಲೇ ಬಸುರು ಹೊರಬೇಕು ಪಾಪ. ಒಳ್ಳೆಯ ತಳಿ, ಮರಿ ಬೇಕು ಅನ್ನುವ ಆಸೆ ಇದ್ದರೆ ಮಾಡಿಸಿ, ಔಷಧಿ ಅಂತ ಮಾಡಿಸಬೇಡಿ.

ಇನ್ನು ಮುಂದಿನ ತಿಂಗಳ ಮೆರವಣಿಗೆ. ನನ್ನನ್ನು ಕೇಳಿದರೆ ಈ ವರ್ಷ ಚಾಂದನಿಯನ್ನು ಕರೆದುಕೊಂಡು ಹೋಗಬೇಡಿ. ಡಿಜೆ, ಪಟಾಕಿ, ಕಾಲಡಿಯಲ್ಲಿ ಮಕ್ಕಳು, ಪಕ್ಕದಲ್ಲಿ ಯಾರದೋ ಗಂಡುಕುದುರೆ. ಹೊಟ್ಟೆಪಟ್ಟಿಗೇ ಒದೆಯುವ ಕುದುರೆಗೆ ಅದು ಜಾಗ ಅಲ್ಲ. ಹರಕೆ, ಹೋಗಲೇಬೇಕು ಅನ್ನುವ ಹಾಗಿದ್ದರೆ ಈ ವಾರವೇ ಸ್ಕ್ಯಾನ್ ಮಾಡಿಸಿ ಜಾತ್ರೆಯ ತಾರೀಕು ವೈದ್ಯರಿಗೆ ಹೇಳಿ. ಆ ದಿನ ಬೆದೆ ಬೀಳುವ ಹಾಗಿದ್ದರೆ ಹಿಂದಿನ ಸುತ್ತಿನಲ್ಲೇ ಅಂಡ ಬಿಟ್ಟು ಐದಾರು ದಿನ ಆದ ಮೇಲೆ ಪ್ರೊಸ್ಟಾಗ್ಲಾಂಡಿನ್ ಒಂದು ಇಂಜೆಕ್ಷನ್ ಕೊಟ್ಟು ಬೆದೆಯನ್ನು ಮೊದಲೇ ಬರಿಸಿ ಮುಗಿಸಬಹುದು. ಇಂಜೆಕ್ಷನ್ ಆದ ಅರ್ಧ ಗಂಟೆ ಬೆವರುತ್ತದೆ, ಹೊಟ್ಟೆ ಹಿಂಡಿದ ಹಾಗೆ ಆಡುತ್ತದೆ, ಹೆದರಬೇಡಿ. ಬಸುರಿಯರು, ಆಸ್ತಮಾ ಇರುವವರು ಆ ಔಷಧಿ ಮುಟ್ಟಬಾರದು. ಜಾತ್ರೆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಟ್ಟಿ ಹಾಕಬೇಡಿ, ಸಾಲಿನ ಕೊನೆಯಲ್ಲಿ ನಿಲ್ಲಿಸಿ, ಹಿಂದೆ ಯಾರೂ ಬರದ ಹಾಗೆ ನೋಡಿಕೊಳ್ಳಲು ಒಬ್ಬ ಗಟ್ಟಿ ಆಳನ್ನು ಇಡಿ. ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟಿ, ಕುದುರೆ ಗೊತ್ತಿರುವವರಿಗೆ ಒದೆಯುವ ಕುದುರೆ ಅಂತ ತಿಳಿಯುತ್ತದೆ. ಮಕ್ಕಳನ್ನು ಮಾತ್ರ ಈ ಸಲ ಅದರ ಮೇಲೆ ಕೂರಿಸಬೇಡಿ, ಯಾರು ಎಷ್ಟೇ ಕೇಳಿಕೊಂಡರೂ.